ಹಸಿ ಕಸ, ಒಣ ಕಸ ಮತ್ತು ನಾಲ್ಕು ಜನ

ಪ್ರಶ್ನೆ: ಬೆಂಗಳೂರಿನಲ್ಲಿ ಎಪ್ಪತ್ತೆರಡು ಮನೆಗಳಿರುವ ಅಪಾರ್ಟ್‌ಮೆಂಟಿನಲ್ಲಿ ನಮ್ಮ ವಾಸ. ಒಂಬತ್ತು ವರ್ಷಗಳಿಂದ ಹಸಿ ಕಸ, ಒಣ ಕಸ ಬೇರೆ ಮಾಡುತ್ತಿದ್ದೇನೆ. ನೆರೆಹೊರೆಯವರೆಲ್ಲ ಓದಿದವರು, ಹವಾಮಾನ ಬದಲಾವಣೆಯ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು. ಆದರೂ ಕಸದ ಡ್ರಮ್ಮಿನ ಮುಚ್ಚಳ ತೆಗೆದರೆ ಎಲ್ಲವೂ ಕಲಸುಮೇಲೋಗರ. ಭಿತ್ತಿಪತ್ರ ಅಂಟಿಸಿದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಡಿಯೊ ಹಾಕಿದೆ, ಉಪನ್ಯಾಸ ಏರ್ಪಡಿಸಿದೆ. ಕೊನೆಗೆ ಸಂಘದವರು ದಂಡವನ್ನೂ ತಂದರು. ಏನೂ ಬದಲಾಗಲಿಲ್ಲ. ಜೊತೆಗೆ ಕೆಲವು ದಿನ ಗಾಡಿಯವರು ನಾನು ಬೇರೆ ಮಾಡಿ ಕೊಟ್ಟದ್ದನ್ನೂ ಒಟ್ಟಿಗೇ ಸುರಿದುಕೊಂಡು ಹೋಗುತ್ತಾರೆ. ಗೊತ್ತಿದ್ದೂ ಜನ ಏಕೆ ಹೀಗೆ ಮಾಡುತ್ತಾರೆ? ಮೊನ್ನೆ ಹತ್ತು ವರ್ಷದ ಮಗಳು, ‘ಅಮ್ಮ, ಯಾರೂ ಮಾಡದಿದ್ದ ಮೇಲೆ ನಾವು ಮಾತ್ರ ಏಕೆ ಮಾಡಬೇಕು?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ: ನಿಮ್ಮ ಮಗಳ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಪತ್ರದಲ್ಲಿರುವ ಅತ್ಯಂತ ಗಟ್ಟಿ ಪ್ರಶ್ನೆ ಅದು. ಅಲ್ಲಿಗೆ ಹೋಗುವ ಮೊದಲು ಬೇರೆ ಕೆಲವು ಗಂಟುಗಳನ್ನು ಬಿಡಿಸಿಕೊಳ್ಳಬೇಕು.

ಭಿತ್ತಿಪತ್ರ, ವಿಡಿಯೊ, ಉಪನ್ಯಾಸ ಈ ಮೂರೂ ಒಂದೇ ನಂಬಿಕೆಯ ಮೇಲೆ ನಿಂತಿವೆ: ಜನರಿಗೆ ತಿಳಿದಿಲ್ಲ, ತಿಳಿದರೆ ಮಾಡುತ್ತಾರೆ. ಜನರ ನಡವಳಿಕೆ ಮತ್ತು ಪರಿಸರದ ಸಂಬಂಧವನ್ನು ಓದುವ ಈ ಕೆಲಸಕ್ಕೆ ಬಂದ ಮೇಲೆ ನಾನು ಕೈಬಿಟ್ಟ ಮೊದಲ ನಂಬಿಕೆ ಇದೇ. ಸಕ್ಕರೆ ಕಾಯಿಲೆ ಇರುವವರಿಗೆ ಹೋಳಿಗೆಯ ಅಪಾಯ ತಿಳಿಯದೇ? ತಿಳಿದಿರುತ್ತದೆ, ತಟ್ಟೆ ಮುಂದೆ ಬಂದಾಗ ಆ ತಿಳಿವಳಿಕೆ ಕೈಯವರೆಗೆ ಇಳಿದು ಬರುವುದಿಲ್ಲ. ಕಸದ ವಿಷಯದಲ್ಲಂತೂ ಇನ್ನೊಂದು ತೊಡಕಿದೆ. ತಿಳಿವಳಿಕೆ ಇರುವ ತಲೆ ಒಬ್ಬರದು, ಕಸ ಹಾಕುವ ಕೈ ಇನ್ನೊಬ್ಬರದು.

ಇದು ನನಗೆ ಅರ್ಥವಾದದ್ದು ನಾವಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿ ಇಪ್ಪತ್ತನಾಲ್ಕು ಮನೆಗಳಿದ್ದವು. ನಾನು ನಿಮ್ಮಂತೆಯೇ ಸುತ್ತೋಲೆ ಬರೆದು, ಭಾಷಣ ಮಾಡಿ ದಣಿದಿದ್ದೆ. ಒಂದು ದಿನ ಬೆಳಿಗ್ಗೆ ಆರೂವರೆಗೆ ಕೆಳಗೆ ಹೋಗಿ, ಕಟ್ಟಡ ಸ್ವಚ್ಛ ಮಾಡುತ್ತಿದ್ದ ಅಕ್ಕನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಆಕೆ ಒಂದೊಂದೇ ಚೀಲದ ಗಂಟು ಬಿಚ್ಚಿ ಕೈಹಾಕುತ್ತಿದ್ದರು. ಕಾಫಿ ಚರಟ, ಅದಕ್ಕೆ ಅಂಟಿಕೊಂಡ ಹಾಲಿನ ಪ್ಯಾಕೆಟ್ಟು, ಅನ್ನದ ಅಗುಳು ಮೆತ್ತಿದ ಪೇಪರು, ಮಗುವಿನ ಡೈಪರ್, ಅದರೊಳಗೇ ಒಡೆದ ಗಾಜಿನ ಲೋಟದ ಚೂರು. ಆಕೆಯ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ‘ಯಾವ ಮನೆಯದು ಎಂದು ಚೀಲ ನೋಡಿದರೇ ಹೇಳುತ್ತೇನೆ ಅಮ್ಮಾ’ ಎಂದರು. ಹೇಳಿದರು ಕೂಡ. ಆ ದಿನ ನಾನು ಲೆಕ್ಕ ಹಾಕಿದೆ: ಇಪ್ಪತ್ತನಾಲ್ಕು ಮನೆಗಳಲ್ಲಿ ಹದಿನೈದರಲ್ಲಿ ಕಸ ಎತ್ತುತ್ತಿದ್ದವರು ಮನೆಗೆಲಸಕ್ಕೆ ಬರುವ ಹೆಂಗಸರು. ನನ್ನ ಭಿತ್ತಿಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಓದಬಲ್ಲವರು ಕಸ ಮುಟ್ಟುತ್ತಿರಲಿಲ್ಲ, ಕಸ ಮುಟ್ಟುವವರಿಗೆ ಅದು ಓದಲು ಬರುತ್ತಿರಲಿಲ್ಲ. ಅವರಲ್ಲಿ ಕೆಲವರು ಕನ್ನಡ, ಕೆಲವರು ತೆಲುಗು, ತಮಿಳು, ಬಂಗಾಳಿ ಮಾತನಾಡುವವರು. ಅವರ ಜೊತೆ ಈ ಬಗ್ಗೆ ಅದುವರೆಗೆ ಯಾರೂ ಕುಳಿತು ಮಾತನಾಡಿರಲಿಲ್ಲ. ನಿಮ್ಮ ಎಪ್ಪತ್ತೆರಡು ಮನೆಗಳಲ್ಲಿ ಕಸದ ಬುಟ್ಟಿಯ ಮುಚ್ಚಳ ತೆಗೆಯುವ ಕೈ ಯಾರದು ಎಂದು ಮೊದಲು ನೋಡಿ. ಮಾತು ಆಡಬೇಕಾದದ್ದು ಆ ಕೈಯ ಜೊತೆ.

ಎರಡನೆಯದು ಇನ್ನೂ ಆಳದ್ದು. ಕಸವೆಂದರೆ ನಮಗೆ ಬರಿಯ ವಸ್ತುವಲ್ಲ, ಅದಕ್ಕೆ ಮೈಲಿಗೆಯ ಸೋಂಕಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಸಂಪೂರ್ಣವಾಗಿ ಕ್ರಿಮಿರಹಿತಗೊಳಿಸಿದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯ ಏನೂ ಇಲ್ಲವೆಂದು ಗೊತ್ತಿದ್ದರೂ ಜನರಿಗೆ ಆ ರಸ ಬೇಡವಾಯಿತು. ಒಮ್ಮೆ ತಾಗಿದ್ದು ಎಂದೆಂದಿಗೂ ತಾಗಿಯೇ ಇರುತ್ತದೆ ಎಂದು ಅಸಹ್ಯದ ಲೆಕ್ಕಾಚಾರ. ಎಂಜಲು, ಮುಸುರೆ ಎಂಬ ಪದಗಳ ನಡುವೆ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮನೆಯ ಹೊಸ್ತಿಲವರೆಗೆ ಶುಚಿ. ಬುಟ್ಟಿಗೆ ಬಿದ್ದ ಕ್ಷಣ ಅದು ನಮ್ಮದಲ್ಲ, ಬೇಗ ಕಣ್ಣ ಮುಂದಿನಿಂದ ಹೋಗಬೇಕು. ಬೇರೆ ಮಾಡುವುದೆಂದರೆ ಅದನ್ನು ಮತ್ತೆ ನೋಡುವುದು, ಮತ್ತೆ ಮುಟ್ಟುವುದು. ಅದನ್ನು ಮುಟ್ಟಲೆಂದೇ ಯಾರೋ ಇದ್ದಾರೆ ಎಂಬ ಭಾವನೆ ನಮ್ಮ ಸಮಾಜದಲ್ಲಿ ಎಲ್ಲಿಂದ ಬಂತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಜಾತಿಯ ಹೆಸರೆತ್ತದೆ ಭಾರತದಲ್ಲಿ ಕಸದ ಮನೋವಿಜ್ಞಾನ ಮಾತನಾಡುವುದು ಅರ್ಧ ಮಾತು ಎಂದೇ ನನ್ನ ಅಭಿಪ್ರಾಯ.

ಆದರೆ ಇದೇ ನಾಡಿನಲ್ಲಿ ತಿಪ್ಪೆಯೂ ಇತ್ತು. ಅಕ್ಕಚ್ಚು, ಕಲಗಚ್ಚು ದನಕ್ಕೆ, ತರಕಾರಿ ಸಿಪ್ಪೆ ಮತ್ತು ಸಗಣಿ ತಿಪ್ಪೆಗೆ, ಮಳೆಗಾಲದ ಮುಂಚೆ ತಿಪ್ಪೆಗೊಬ್ಬರ ಗಾಡಿಯೇರಿ ಹೊಲಕ್ಕೆ. ಹಲವು ಊರುಗಳಲ್ಲಿ ದೀಪಾವಳಿಗೆ ತಿಪ್ಪೆಯ ಮೇಲೂ ದೀಪ ಇಡುತ್ತಾರೆ. ಅಂದರೆ ಹಸಿ ಕಸ ಅಸಹ್ಯವಾಗುವುದು ಅದರ ಹುಟ್ಟುಗುಣದಿಂದಲ್ಲ, ಮುಂದೆ ಅದಕ್ಕೊಂದು ದಾರಿ ಇಲ್ಲದಿರುವುದರಿಂದ. ನಮ್ಮ ಕಟ್ಟಡದಲ್ಲಿ ಎರಡನೇ ಮಹಡಿಯ ಅಜ್ಜಿಯೊಬ್ಬರು ಮೂರು ಮಣ್ಣಿನ ಮಡಕೆ ತರಿಸಿ ಗೊಬ್ಬರ ಮಾಡತೊಡಗಿದರು. ಮೂರು ತಿಂಗಳ ನಂತರ ಗೊಬ್ಬರವನ್ನು ಬೊಗಸೆಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ‘ಮೊದಲ ಮಳೆ ಬಿದ್ದ ಹಾಗಿದೆ, ನೋಡಿ’ ಎಂದು ಮಕ್ಕಳಿಗೆ ಮೂಸಲು ಕೊಟ್ಟರು. ನನ್ನ ಯಾವ ಭಾಷಣವೂ ಮಾಡದ ಕೆಲಸವನ್ನು ಆ ಬೊಗಸೆ ಮಾಡಿತು. ಅದೇ ಮಹಡಿಯಲ್ಲಿ ಇನ್ನೂ ಇಬ್ಬರು ಮಡಕೆ ತರಿಸಿದರು.

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. ನಿಮ್ಮ ವಾಟ್ಸ್‌ಆ್ಯಪ್ ಸಂದೇಶಗಳು ಹೇಗಿದ್ದವು ಎಂದು ಊಹಿಸಬಲ್ಲೆ, ಏಕೆಂದರೆ ನಾನೂ ಅಂಥವನ್ನೇ ಬರೆದಿದ್ದೆ. ‘ನಮ್ಮಲ್ಲಿ ಹೆಚ್ಚಿನ ಮನೆಗಳು ಕಸ ಬೇರೆ ಮಾಡುತ್ತಿಲ್ಲ, ಇದು ನಾಚಿಕೆಗೇಡು.’ ಓದಿದವರಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಅವರಿಗೆ ತಲುಪಿದ್ದು ಬೇರೆಯೇ ಸುದ್ದಿ: ಹೆಚ್ಚಿನವರು ಮಾಡುತ್ತಿಲ್ಲ, ಹಾಗಾದರೆ ನಾನೊಬ್ಬನೇ ಅಲ್ಲ.

ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಕೋಟ್ಯಂತರ ವರ್ಷ ಹಳೆಯ ಮರಗಳು ಅಲ್ಲಿ ಶಿಲೆಯಾಗಿ ಬಿದ್ದಿವೆ; ಪ್ರವಾಸಿಗರು ಚೂರು ಚೂರಾಗಿ ಕದ್ದೊಯ್ಯುತ್ತಾರೆ. ರಾಬರ್ಟ್ ಚಾಲ್ಡೀನಿ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಗುರುತು ಹಾಕಿದ ಚೂರುಗಳನ್ನು ಕಾಲುದಾರಿಯಲ್ಲಿ ಇಟ್ಟು, ಎರಡು ಬಗೆಯ ಫಲಕಗಳನ್ನು ಪರೀಕ್ಷಿಸಿದರು. ‘ಹಿಂದೆ ಬಂದ ಅನೇಕ ಪ್ರವಾಸಿಗರು ಚೂರುಗಳನ್ನು ಒಯ್ದು ಉದ್ಯಾನವನ್ನು ಹಾಳುಮಾಡಿದ್ದಾರೆ’ ಎಂಬ ಫಲಕವಿದ್ದಲ್ಲಿ ನೂರಕ್ಕೆ ಸುಮಾರು ಎಂಟು ಚೂರುಗಳು ಕಳವಾದವು. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಹೇಳಿದ ಫಲಕವಿದ್ದಲ್ಲಿ ಎರಡಕ್ಕಿಂತ ಕಡಿಮೆ. ಕಳ್ಳತನವನ್ನು ಖಂಡಿಸಲು ಹೋದ ಫಲಕವೇ ಕಳ್ಳತನ ಇಲ್ಲಿ ಮಾಮೂಲು ಎಂದು ಸಾರಿಬಿಟ್ಟಿತ್ತು.

‘ನಾಲ್ಕು ಜನ ಏನಂದುಕೊಂಡಾರು’ ಎನ್ನುವ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. ನಡವಳಿಕೆಯನ್ನು ಆಳುವುದು ಅದಕ್ಕಿಂತ ಹೆಚ್ಚಾಗಿ ‘ನಾಲ್ಕು ಜನ ಏನು ಮಾಡುತ್ತಿದ್ದಾರೆ’ ಎಂಬ ಅಂದಾಜು. ವಿಚಿತ್ರವೆಂದರೆ ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಂಟುನೂರಕ್ಕೂ ಹೆಚ್ಚು ಜನರನ್ನು ವಿದ್ಯುತ್ ಏಕೆ ಉಳಿಸುತ್ತೀರಿ ಎಂದು ಕೇಳಿದಾಗ ಪರಿಸರಕ್ಕಾಗಿ, ಸಮಾಜಕ್ಕಾಗಿ, ಹಣಕ್ಕಾಗಿ ಎಂದರು. ನೆರೆಯವರು ಉಳಿಸುತ್ತಾರೆಂಬ ಕಾರಣವನ್ನು ಪಟ್ಟಿಯ ತಳಕ್ಕೆ ಹಾಕಿದರು. ಆದರೆ ಅವರ ಉಳಿತಾಯದ ಜೊತೆ ಎಲ್ಲಕ್ಕಿಂತ ಬಿಗಿಯಾಗಿ ಹೆಣೆದುಕೊಂಡಿದ್ದದ್ದು, ನೆರೆಯವರು ಉಳಿಸುತ್ತಿದ್ದಾರೆಂಬ ಅವರ ನಂಬಿಕೆಯೇ. 2008ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ಮೇಲೆ, ‘ನೀವು ಏಕೆ ಮಾಡುತ್ತಿಲ್ಲ’ ಎಂದು ಜನರನ್ನು ಕೇಳಿ ಬಂದ ಉತ್ತರಗಳನ್ನು ನಾನು ಜೋಪಾನವಾಗಿ ತೂಗಿ ನೋಡುತ್ತೇನೆ. ಸಮಯವಿಲ್ಲ, ಅಡುಗೆಮನೆಯಲ್ಲಿ ಜಾಗವಿಲ್ಲ ಎನ್ನುವುದು ಸುಳ್ಳಲ್ಲ. ಆದರೆ ಕಾರಣದ ಬುಡ ಅವರಿಗೇ ಕಾಣದ ಕಡೆ ಇರುತ್ತದೆ.

ಇದೇ ಶಕ್ತಿಯನ್ನು ಒಳ್ಳೆಯದಕ್ಕೂ ತಿರುಗಿಸಬಹುದು, ಜೋಪಾನವಾಗಿ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಪಟ್ಟಣದಲ್ಲಿ ಸುಮಾರು ಮುನ್ನೂರು ಮನೆಗಳ ಬಾಗಿಲಿಗೆ ಅವರ ವಿದ್ಯುತ್ ಬಳಕೆ ಮತ್ತು ಬಡಾವಣೆಯ ಸರಾಸರಿ ಬರೆದ ಚೀಟಿ ತೂಗುಹಾಕಿದರು. ಸರಾಸರಿಗಿಂತ ಹೆಚ್ಚು ಸುಡುತ್ತಿದ್ದವರು ಇಳಿಸಿದರು. ಆದರೆ ಕಡಿಮೆ ಸುಡುತ್ತಿದ್ದವರು ಏರಿಸಿದರು, ಸರಾಸರಿ ಅವರನ್ನೂ ತನ್ನ ಕಡೆಗೆ ಎಳೆದುಕೊಂಡಿತ್ತು. ಕಡಿಮೆ ಬಳಸಿದವರ ಚೀಟಿಯ ಮೇಲೆ ಕೈಯಿಂದ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. ನಿಮ್ಮ ಕಟ್ಟಡದಲ್ಲಿ ಚೆನ್ನಾಗಿ ಮಾಡುತ್ತಿರುವ ಮನೆಗಳಿಗೆ ಇದುವರೆಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದ್ದಾರೆಯೇ? ಹೇಳದಿದ್ದರೆ ಅವರೂ ನಿಧಾನವಾಗಿ ಜಾರುತ್ತಾರೆ. ನಿಮ್ಮ ದಣಿವೂ ಅಂಥ ಒಂದು ಜಾರುವಿಕೆಯ ಆರಂಭ ಎಂದು ನನಗೆ ಅನ್ನಿಸುತ್ತಿದೆ.

ನೀರಿನ ವಿಷಯದಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ಇದನ್ನು ನಗರದ ಮಟ್ಟದಲ್ಲಿ ಮಾಡಿತು. 2018ರ ಆರಂಭದಲ್ಲಿ ಅಣೆಕಟ್ಟುಗಳು ಬತ್ತಿ, ನಲ್ಲಿಗಳು ನಿಲ್ಲುವ ದಿನವನ್ನೇ ಲೆಕ್ಕ ಹಾಕಿ ಹೇಳುವ ಸ್ಥಿತಿ ಬಂದಿತ್ತು. ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಹಾಕಿದರು. ಜೊತೆಗೆ ಮಿತಿಯೊಳಗೆ ನೀರು ಬಳಸಿದ ಮನೆಗಳ ಮೇಲೆ ಹಸಿರು ಚುಕ್ಕೆ ಇಟ್ಟ ನಕ್ಷೆಯನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟರು. ಗೋಪ್ಯತೆಯ ಪ್ರಶ್ನೆ ಎದ್ದಿತು, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಬೀದಿಯ ತುಂಬ ಹಸಿರು ಚುಕ್ಕೆ ಕಂಡಾಗ, ನೆರೆಯವರೂ ಉಳಿಸುತ್ತಿದ್ದಾರೆ ಎಂಬುದು ಮಾತಿನಲ್ಲಿ ಉಳಿಯದೆ ಕಣ್ಣಿಗೆ ಕಂಡಿತು. ಬರಕ್ಕೆ ಮುಂಚಿನ ಬಳಕೆಗೆ ಹೋಲಿಸಿದರೆ ನಗರ ತನ್ನ ನೀರಿನ ಬಳಕೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ದರ ಏರಿಕೆ, ಒತ್ತಡ ಇಳಿಸಿ ನೀರು ಬಿಡುವುದು, ಭಯ ಎಲ್ಲವೂ ಅದರಲ್ಲಿ ಸೇರಿವೆ. ನಮ್ಮಲ್ಲಿ ಹಾಗಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಪತ್ರಿಕೆಯಲ್ಲಿ ಬಂದದ್ದು ತೊಳೆದು ಸಿಕ್ಕಿಬಿದ್ದವರ ಸುದ್ದಿ. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಕಾರು ಒರೆಸಿಕೊಂಡ ಸಾವಿರಾರು ಮನೆಗಳು ಸುದ್ದಿಯಾಗಲಿಲ್ಲ.

ದಂಡದ ಮಾತು ಬಂದಿದ್ದರಿಂದ ನಿಮ್ಮ ಸಂಘದ ದಂಡವನ್ನೂ ನೋಡೋಣ. ಇಸ್ರೇಲಿನ ಹೈಫಾದಲ್ಲಿ ಕೆಲವು ಶಿಶುವಿಹಾರಗಳು ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಸಣ್ಣ ದಂಡ ಹಾಕಿದವು. ತಡವಾಗಿ ಬರುವವರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದುವರೆಗೆ ಕಾಯುತ್ತಿರುವ ಶಿಕ್ಷಕಿಯ ಮುಖ ನೆನೆದು ಓಡಿ ಬರುತ್ತಿದ್ದವರು, ಈಗ ಹಣ ಕೊಟ್ಟು ಆ ಹೊತ್ತನ್ನು ಕೊಂಡುಕೊಳ್ಳತೊಡಗಿದರು. ಆಮೇಲೆ ದಂಡ ತೆಗೆದರೂ ಸಂಖ್ಯೆ ಇಳಿಯಲಿಲ್ಲ. ನಿಮ್ಮಲ್ಲೂ ಇದೇ ಆಗಿರಬಹುದು. ದಂಡದ ಹಣ ತಿಂಗಳ ನಿರ್ವಹಣಾ ಶುಲ್ಕದ ಜೊತೆ ಸೇರಿದಾಗ, ಅದು ಕಸ ಬೆರೆಸುವ ಬಾಡಿಗೆಯಾಗುತ್ತದೆ.

ಹಾಗೆಂದು ಹಣ ಕೆಲಸವನ್ನೇ ಮಾಡುವುದಿಲ್ಲ ಎನ್ನಲಾರೆ. ಐರ್ಲೆಂಡ್ 2002ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿದಾಗ, ತಲೆಗೆ ವರ್ಷಕ್ಕೆ ಅಂದಾಜು 328 ಇದ್ದ ಚೀಲಗಳ ಬಳಕೆ 21ಕ್ಕೆ ಕುಸಿಯಿತು. ಮೊತ್ತ ಚಿಕ್ಕದು. ಆದರೆ ಅದನ್ನು ಕೇಳುತ್ತಿದ್ದದ್ದು ಅಂಗಡಿಯ ಗಲ್ಲಾದ ಮುಂದೆ, ಸಾಲಿನಲ್ಲಿ ನಿಂತವರ ಎದುರಿಗೆ, ಕೈ ಚೀಲಕ್ಕೆ ಚಾಚಿದ ಆ ಗಳಿಗೆಯಲ್ಲೇ. ತಿಂಗಳ ಕೊನೆಯ ರಸೀದಿಯ ಏಳನೇ ಸಾಲಿಗೆ ಆ ಶಕ್ತಿ ಇರುವುದಿಲ್ಲ.

ನನಗೆ ದಂಡಕ್ಕಿಂತ ನೀರುಗಂಟಿಯ ಮೇಲೆ ಹೆಚ್ಚು ಭರವಸೆ. ಕೋಲಾರದ ಕಡೆಯ ಕೆರೆಗಳಲ್ಲಿ ತೂಬು ತೆರೆದು, ಮುಚ್ಚಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುತ್ತಿದ್ದವನು ನೀರುಗಂಟಿ. ಅವನು ಹೊರಗಿನ ಅಧಿಕಾರಿಯಲ್ಲ, ಊರಿನವನೇ. ಸುಗ್ಗಿಯಲ್ಲಿ ರೈತರೇ ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಬರದ ವರ್ಷ ಎಷ್ಟು ಎಕರೆ ನಾಟಿ ಮಾಡಬಹುದು ಎಂಬ ನಿರ್ಧಾರದಲ್ಲೂ ಅವನ ಮಾತಿಗೆ ತೂಕವಿತ್ತು. ಎಲ್ಲರಿಗೂ ಸೇರಿದ ನೀರು, ಹುಲ್ಲುಗಾವಲು, ಕಾಡು ಹೇಗೆ ಉಳಿಯುತ್ತವೆ ಎಂದು ಜಗತ್ತಿನಾದ್ಯಂತ ಹುಡುಕಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವು ಉಳಿದುಕೊಂಡ ಕಡೆಗಳಲ್ಲಿ ಅವರು ಕಂಡ ಲಕ್ಷಣಗಳಲ್ಲಿ ಎರಡು ನಮಗೆ ಬೇಕು: ಕಾಯುವವರು ಬಳಸುವವರಿಗೆ ಉತ್ತರದಾಯಿಗಳಾಗಿರುತ್ತಾರೆ, ಮೊದಲ ತಪ್ಪಿಗೆ ಶಿಕ್ಷೆ ಹಗುರ, ಮರುಕಳಿಸಿದರೆ ಮಾತ್ರ ಬಿಗಿ.

ನಿಮ್ಮ ಕಟ್ಟಡದ ನೀರುಗಂಟಿ ಯಾರು? ಕಸ ಎತ್ತುವ ಅಕ್ಕ. ಆಕೆಗೆ ಯಾವ ಮನೆಯ ಚೀಲ ಹೇಗಿದೆ ಎಂದು ಗೊತ್ತು, ಆದರೆ ಬಾಯಿ ತೆರೆಯುವ ಅಧಿಕಾರವಿಲ್ಲ. ನಮ್ಮಲ್ಲಿ ನಾವು ಮಾಡಿದ ಮುಖ್ಯ ಬದಲಾವಣೆ ಇಷ್ಟೇ: ಬೆರೆತ ಚೀಲವನ್ನು ತೆಗೆದುಕೊಳ್ಳದೆ ಬಾಗಿಲಲ್ಲೇ ಬಿಟ್ಟು ಹೋಗುವ ಹಕ್ಕು ಆಕೆಗಿದೆ, ಯಾರೂ ಆಕೆಯನ್ನು ಬೈಯುವಂತಿಲ್ಲ ಎಂದು ಸಂಘದ ಸಭೆಯಲ್ಲಿ ನಿರ್ಣಯ ಮಾಡಿದೆವು. ಸಂಬಳವನ್ನೂ ಏರಿಸಿದೆವು, ಕೈಗವಸು ಕೊಟ್ಟೆವು. ಮೊದಲ ವಾರ ಆರು ಬಾಗಿಲುಗಳ ಮುಂದೆ ಚೀಲಗಳು ಸಂಜೆಯವರೆಗೆ ಕುಳಿತಿದ್ದವು. ಮೀನಿನ ವಾಸನೆ ಮಹಡಿಯೆಲ್ಲ ಹಬ್ಬಿತು. ದಂಡವಿಲ್ಲ, ಬೈಗುಳವಿಲ್ಲ; ಅವರವರ ಕಸ ಅವರವರ ಬಾಗಿಲಲ್ಲಿ. ಮೂರನೇ ವಾರಕ್ಕೆ ಅದು ಒಂದು ಬಾಗಿಲಿಗೆ ಇಳಿಯಿತು. ಆ ಒಂದು ಮನೆ ಕೊನೆಯವರೆಗೂ ಬದಲಾಗಲಿಲ್ಲ. ಎಲ್ಲರೂ ಬದಲಾಗಬೇಕೆಂದು ಕಾಯುತ್ತಾ ಕುಳಿತರೆ ಯಾವ ಊರಿನಲ್ಲೂ ಯಾವುದೂ ಆಗುವುದಿಲ್ಲ.

ಇನ್ನು ಗಾಡಿಯವರು ಒಟ್ಟಿಗೆ ಸುರಿಯುವ ವಿಷಯ. ಇದನ್ನು ನೆಪ ಎಂದು ಬದಿಗೆ ತಳ್ಳಬೇಡಿ. 2001ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಪ್ರಯೋಗವೊಂದರಲ್ಲಿ, ಎಲ್ಲರಿಗೂ ಸೇರಿದ ಹುಂಡಿಗೆ ಹಣ ಹಾಕುವ ಆಟ ಆಡಿಸಿ ನೋಡಿದರು. ಸುಮಾರು ಅರ್ಧದಷ್ಟು ಜನ, ಉಳಿದವರು ಹಾಕಿದರೆ ತಾವೂ ಹಾಕುವವರು. ಏನೂ ಹಾಕದೆ ಲಾಭ ಪಡೆಯುವವರು ನೂರಕ್ಕೆ ಸುಮಾರು ಮೂವತ್ತು. ನಿಮ್ಮ ಕಟ್ಟಡದಲ್ಲೂ ಹೆಚ್ಚಿನವರು ಆ ಮೊದಲ ಗುಂಪಿನವರೇ ಇರುತ್ತಾರೆ. ಕೆಟ್ಟವರಲ್ಲ, ಸೋತು ಮೂರ್ಖರಾಗಲು ಇಷ್ಟವಿಲ್ಲದವರು. ಒಂದು ಬಾರಿ ಬಾಲ್ಕನಿಯಿಂದ ಎರಡೂ ಡ್ರಮ್ಮುಗಳು ಒಂದೇ ಗಾಡಿಗೆ ಬೀಳುವುದನ್ನು ನೋಡಿದರೆ ಅವರ ಕೈ ಹಿಂದೆ ಸರಿಯುತ್ತದೆ. ಅದು ಬರಿಯ ಸೋಮಾರಿತನವಲ್ಲ, ನಂಬಿಕೆ ಮುರಿದದ್ದು.

ಮುರಿದ ನಂಬಿಕೆಯನ್ನು ಕಣ್ಣಾರೆ ಕಂಡದ್ದೇ ಸರಿಪಡಿಸಬೇಕು. ಒಣ ಕಸ ನಿಮ್ಮ ವಾರ್ಡಿನ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಹೋಗುತ್ತಿದೆಯೇ? ಒಂದು ಶನಿವಾರ ಏಳೆಂಟು ಜನರನ್ನು, ಮುಖ್ಯವಾಗಿ ಅನುಮಾನ ಪಡುವವರನ್ನು, ಅಲ್ಲಿಗೆ ಕರೆದೊಯ್ಯಿರಿ. ಹಾಲಿನ ಪ್ಯಾಕೆಟ್ಟು, ರಟ್ಟು, ಬಾಟಲಿ ಬೇರೆ ಬೇರೆ ಗುಡ್ಡೆಯಾಗುವುದನ್ನು, ಅದನ್ನು ವಿಂಗಡಿಸಿ ಬದುಕುವವರನ್ನು ನೋಡಿ ಬಂದವರು ಬೇರೆಯವರಾಗುತ್ತಾರೆ. ಅಲ್ಲಿ ಒಬ್ಬ ಹೆಂಗಸು ಅನ್ನ ಮೆತ್ತಿದ ರಟ್ಟನ್ನು ಎತ್ತಿ ಹಿಡಿದು, ‘ಇದಕ್ಕೆ ಬೆಲೆ ಇಲ್ಲ ಸ್ವಾಮಿ, ಇದು ಒಣಗಿದ್ದರೆ ದುಡ್ಡಾಗುತ್ತಿತ್ತು’ ಎಂದದ್ದು ನಮ್ಮ ಗುಂಪಿನ ನಿವೃತ್ತ ಎಂಜಿನಿಯರರೊಬ್ಬರ ಮನಸ್ಸಿಗೆ ನಾಟಿತು. ಮರುದಿನದಿಂದ ಅವರು ರಟ್ಟನ್ನು ಒರೆಸಿ ಕೊಡುತ್ತಿದ್ದರು. ಇನ್ನು, ನಿಮ್ಮಲ್ಲಿ ನಿಜವಾಗಿಯೂ ಒಟ್ಟಿಗೆ ಸುರಿಯುತ್ತಿದ್ದರೆ ಆ ದಿನದ ಹೊತ್ತು, ಗಾಡಿಯ ಸಂಖ್ಯೆ ಬರೆದಿಟ್ಟು ಎಪ್ಪತ್ತೆರಡು ಮನೆಗಳೂ ಒಟ್ಟಾಗಿ ಕೇಳಬೇಕು. ಮನೆಯ ಬುಟ್ಟಿ ಸರಿಯಾಗಿದ್ದು ವ್ಯವಸ್ಥೆ ಸರಿಯಿಲ್ಲದಿದ್ದರೆ, ತಪ್ಪನ್ನು ಮನೆಯವರ ಮನಸ್ಸಿನ ಮೇಲೆ ಹೊರಿಸುವುದು ಅನ್ಯಾಯ. 2012ರಲ್ಲಿ ಮಾವಳ್ಳಿಪುರದ ಜನ, 2014ರಲ್ಲಿ ಮಂಡೂರಿನ ಜನ ತಮ್ಮ ಊರಿಗೆ ತಂದು ಸುರಿಯುತ್ತಿದ್ದ ಬೆಂಗಳೂರಿನ ಕಸದ ವಿರುದ್ಧ ಎದ್ದು ನಿಂತ ಮೇಲೆಯೇ ಈ ನಗರ ಕಸ ವಿಂಗಡಣೆಯ ಬಗ್ಗೆ ಗಂಭೀರವಾಗಿ ಮಾತನಾಡತೊಡಗಿತು. ಊರಿನ ನೀರು ಕೆಟ್ಟು, ಗಾಳಿ ಕೆಟ್ಟು, ಅವರು ತೆತ್ತ ಬೆಲೆ ದೊಡ್ಡದು. ಅದನ್ನು ಮರೆಯಬಾರದು.

ಇನ್ನು ಕೆಲವು ಸಣ್ಣ ಸಂಗತಿಗಳು. ಡ್ರಮ್ಮುಗಳಿರುವ ಜಾಗ ಹೇಗಿದೆ? ನೆದರ್ಲೆಂಡಿನ ಗ್ರೋನಿಂಗನ್‌ನಲ್ಲಿ ಸೈಕಲ್ಲುಗಳ ಹ್ಯಾಂಡಲಿಗೆ ಜಾಹೀರಾತಿನ ಚೀಟಿ ಕಟ್ಟಿ ನೋಡಿದರು. ಪಕ್ಕದ ಗೋಡೆ ಶುಭ್ರವಾಗಿದ್ದಾಗ ನೂರಕ್ಕೆ 33 ಜನ ಚೀಟಿಯನ್ನು ನೆಲಕ್ಕೆ ಎಸೆದರು. ಗೋಡೆಯ ಮೇಲೆ ಗೀಚಿದ್ದಾಗ 69 ಜನ. ಬೆಂಗಳೂರಿನ ಬೀದಿ ಮೂಲೆಯ ಕಸದ ಗುಡ್ಡೆಗಳನ್ನು ತೆಗೆದು, ಅಲ್ಲಿ ರಂಗೋಲಿ ಹಾಕುವ ಪೌರಕಾರ್ಮಿಕರಿಗೆ ಇದು ಯಾವ ಪ್ರಯೋಗವೂ ಇಲ್ಲದೆ ಗೊತ್ತು. ರಂಗೋಲಿ ಎಂದರೆ ಯಾರೋ ಬೆಳಿಗ್ಗೆ ಎದ್ದು ಈ ಜಾಗವನ್ನು ಗುಡಿಸಿದ್ದಾರೆ ಎಂಬ ಗುರುತು. ಅದನ್ನು ತುಳಿಯಲು ಹೇಗೆ ಹಿಂಜರಿಯುತ್ತೇವೋ, ಅದರ ಮೇಲೆ ಚೀಲ ಎಸೆಯಲೂ ಹಾಗೆಯೇ. ಕತ್ತಲೆಯ ನೆಲಮಾಳಿಗೆಯ ಮೂಲೆಯಿಂದ ಡ್ರಮ್ಮುಗಳನ್ನು ಬೆಳಕಿಗೆ ತನ್ನಿ.

ಹೊಸದಾಗಿ ಬರುವ ಬಾಡಿಗೆದಾರರನ್ನು ಮೊದಲ ದಿನವೇ ಹಿಡಿಯಿರಿ. ಅಭ್ಯಾಸ ಜಾಗಕ್ಕೆ ಅಂಟಿಕೊಂಡಿರುತ್ತದೆ. ಮನೆ ಬದಲಿಸಿದಾಗ ಹಳೆಯ ಅಭ್ಯಾಸ ಸಡಿಲವಾಗುತ್ತದೆ. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಎಂಟುನೂರು ಮನೆಗಳ ನಡುವೆ ಮಾಡಿದ ಅಧ್ಯಯನದಲ್ಲಿ, ಹೊಸ ಮನೆಗೆ ಬಂದು ಮೂರು ತಿಂಗಳೊಳಗಿನವರ ಮೇಲೆ ಪರಿಸರಸ್ನೇಹಿ ಅಭ್ಯಾಸಗಳ ಸಲಹೆಯ ಪರಿಣಾಮ ಹೆಚ್ಚಾಗಿತ್ತು. ಹಾಲು ಉಕ್ಕಿಸುವ ದಿನವೇ ಎರಡು ಬುಟ್ಟಿ (ಹಸಿ ಕಸಕ್ಕೊಂದು, ಡೈಪರಿನಂಥದ್ದಕ್ಕೊಂದು), ಒಣ ಕಸಕ್ಕೆ ಒಂದು ಚೀಲ ಕೊಟ್ಟು, ಎಲ್ಲಿಡಬೇಕೆಂದು ಅಡುಗೆಮನೆಯಲ್ಲೇ ನಿಂತು ತೋರಿಸಿ. ಹಳಬರನ್ನು ತಿದ್ದುವ ಅರ್ಧ ಶ್ರಮದಲ್ಲಿ ಹೊಸಬರು ದಾರಿಗೆ ಬರುತ್ತಾರೆ.

ಇನ್ನು ಮಗಳ ಮಾತು. ‘ಯಾರೂ ಮಾಡದಿದ್ದ ಮೇಲೆ’ ಎಂದಿದ್ದಾಳೆ. ನೀವು ಅದಕ್ಕೆ ಕರ್ತವ್ಯದ ಉತ್ತರ ಹುಡುಕಿದ್ದೀರಿ, ಸಿಗಲಿಲ್ಲ. ನಾನಾಗಿದ್ದರೆ ಮೊದಲು, ಅವಳು ಹೇಳಿದ್ದು ನಿಜವೇ ಎಂದು ನೋಡುತ್ತಿದ್ದೆ. 125 ದೇಶಗಳಲ್ಲಿ ಸುಮಾರು 1,30,000 ಜನರನ್ನು ಕೇಳಿದ ಸಮೀಕ್ಷೆಯೊಂದು 2024ರಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆ ತಡೆಯಲು ಆದಾಯದ ನೂರಕ್ಕೆ ಒಂದು ಪಾಲನ್ನು ಪ್ರತಿ ತಿಂಗಳೂ ಕೊಡಲು ಸಿದ್ಧರಿದ್ದೀರಾ ಎಂದಾಗ ಶೇ 69ರಷ್ಟು ಜನ ಹೌದು ಎಂದರು. ನಿಮ್ಮ ದೇಶದಲ್ಲಿ ಎಷ್ಟು ಜನ ಹೌದು ಎಂದಾರು ಎಂದು ಅವರನ್ನೇ ಕೇಳಿದರೆ ಬಂದ ಸರಾಸರಿ ಅಂದಾಜು ಶೇ 43. ಬಾಯಲ್ಲಿ ಹೌದು ಎಂದವರೆಲ್ಲ ಕೊಟ್ಟೇ ಬಿಡುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಒಟ್ಟಾರೆ ಜನ ನೆರೆಯವರನ್ನು ಅವರಿರುವುದಕ್ಕಿಂತ ಕೆಳಗೆ ಅಳೆಯುತ್ತಿದ್ದಾರೆ. ಇದಕ್ಕೆ ಕಾರಣ ಕಷ್ಟದ್ದೇನಲ್ಲ: ಬೆರೆಸಿದ ಕಸ ನಾರುತ್ತದೆ, ಕಣ್ಣಿಗೆ ರಾಚುತ್ತದೆ. ಸರಿಯಾಗಿ ಬೇರೆ ಮಾಡಿದ್ದು ಸದ್ದಿಲ್ಲದೆ ಹೋಗುತ್ತದೆ. ಡ್ರಮ್ಮಿನಲ್ಲಿ ಹತ್ತು ಬೆರೆತ ಚೀಲಗಳು ಬಿದ್ದರೆ ಸಾಕು, ಅರವತ್ತೆರಡು ಮನೆಗಳ ಕೆಲಸ ಕಾಣೆಯಾಗುತ್ತದೆ.

ಆದ್ದರಿಂದ ಮಗಳಿಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಕೊಡಿ. ರಜೆಯ ಒಂದು ವಾರ ಬೆಳಿಗ್ಗೆ ಆ ಅಕ್ಕನ ಜೊತೆ ನೀವಿಬ್ಬರೂ ಮಹಡಿ ಮಹಡಿಗೆ ಹೋಗಿ. ಮನೆ ನಂಬರು, ಹೆಸರು ಬರೆಯುವುದು ಬೇಡ. ಬೇರೆ ಮಾಡಿದ ಮನೆಗೆ ಒಂದು ಗೆರೆ, ಅಷ್ಟೇ. ಐದಾದರೆ ಅಡ್ಡಗೆರೆ. ಎಪ್ಪತ್ತೆರಡರಲ್ಲಿ ಎಷ್ಟು ಗೆರೆ ಬಂತೆಂದು ಅವಳೇ ಎಣಿಸಲಿ. ಬಹಳ ಕಡಿಮೆ ಬಂದರೆ ಆ ಸಂಖ್ಯೆಯನ್ನು ಎಲ್ಲೂ ಹಾಕಬೇಡಿ. ಗೆರೆ ಬಿದ್ದ ಮನೆಗಳಿಗೆ ಸಂಜೆ ಹೋಗಿ ಮಾತನಾಡಿಸಿ ಬನ್ನಿ, ನಿಮ್ಮ ನಾಲ್ಕು ಜನ ಅವರೇ. ಅರ್ಧಕ್ಕಿಂತ ಹೆಚ್ಚು ಬಂದರೆ, ಲಿಫ್ಟಿನ ಪಕ್ಕ ನೀವು ಅಂಟಿಸಿದ ಹಳೆಯ ಭಿತ್ತಿಪತ್ರವನ್ನು ಕಿತ್ತು, ಆ ಜಾಗದಲ್ಲಿ ಆ ಸಂಖ್ಯೆಯನ್ನು ಮಗಳ ಕೈಬರಹದಲ್ಲಿ, ಕನ್ನಡದಲ್ಲಿ, ದೊಡ್ಡದಾಗಿ ಬರೆಸಿ ಅಂಟಿಸಿ. ಮುಂದಿನ ತಿಂಗಳು ಅವಳೇ ಮತ್ತೆ ಎಣಿಸಲಿ. ಎಷ್ಟಾಯಿತು ಎಂದು ನನಗೂ ಬರೆಯಿರಿ.